ಹೆಸರು ಬದಲಿಸಲಾಗಿದೆ

ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ. ಬಿಡದಿಯ ಆ ಬೀದಿಯಲ್ಲಿ ಕಾರ್ಖಾನೆಯ ಬಸ್ಸು ಎಂದಿನಂತೆ ಏಳು ಗಂಟೆಗೆ ಹಾರನ್ ಹೊಡೆಯಿತು.

"ಅವನ ಬ್ಯಾಗು ಹಂಗೇ ಐತೆ ಕಣವ್ವ. ಯಾರ್ದಾದ್ರೂ ಸಾಮಾನಿದ್ರೆ ಕೊಟ್ಬುಡು," ಎಂದರು ಅತ್ತೆ ಚಿಕ್ಕಲಕ್ಷ್ಮಮ್ಮ.

ನವ್ಯಶ್ರೀ ಬ್ಯಾಗು ತೆರೆದಳು. ಗಂಡ ಜಯಕುಮಾರನ ಟಿಪ್ಪಣಿ ಪುಸ್ತಕ. ಮತ್ತೆ ಅದೇ ಹೆಸರು... ಸುಹಾನಾ!

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರ ಬಗ್ಗೆ ಅವನ ಪಿಎಚ್‌.ಡಿ. 'ಶುಕ್ರವಾರ. ಸುಹಾನಾ ಇವತ್ತು ನಕ್ಕಳು.'

ತಿಂಗಳ ಹಿಂದೆ ಇದನ್ನೇ ಓದಿ ಕೇಳಿದ್ದಳು. "ಯಾರ್ರೀ ಇವಳು?"

"ಹೇಳೋ ಹಾಗಿಲ್ಲ ಕಣೇ. ಮಾತು ಕೊಟ್ಟಿದ್ದೀನಿ."

"ಹೆಂಡ್ತಿಗೂ?"

"ಸಮಾಜಶಾಸ್ತ್ರ ಎಂ.ಎ. ಮಾಡಿದವಳು ನೀನು. ನಿನಗೂ ಪಾಠ ಮಾಡ್ಲಾ?" ನಕ್ಕುಬಿಟ್ಟಿದ್ದ.

ಮಾಹಿತಿ ಕೊಟ್ಟವರ ಹೆಸರು ಬದಲಿಸಬೇಕು, ಗುಟ್ಟು ಕಾಯಬೇಕು. ಅವಳೇ ಪರೀಕ್ಷೆಯಲ್ಲಿ ಬರೆದಿದ್ದ ಉತ್ತರ. ಆದರೂ ಮಾತು ಬಿಟ್ಟಳು. ಹದಿನೆಂಟನೇ ದಿನ ಹೆದ್ದಾರಿಯಲ್ಲಿ ಲಾರಿ...

ಬ್ಯಾಗಿನ ತಳದಲ್ಲಿ ಬಾಯಿ ಅಂಟಿಸಿದ ಕವರು. 'ಸುಹಾನಾ, ಅಂದರೆ ಅಕ್ಬರಿ ಬೇಗಂ ಅವರ ಕಾಗದ. ಹಿಂದಿರುಗಿಸಬೇಕು. ಯಾರಿಗೂ ತೋರಿಸಬಾರದು. ಮೇ 2006.' ಹೋದ ತಿಂಗಳ ತಾರೀಕು. ಕೆಳಗೆ ವಿಳಾಸ.

ಬಿಚ್ಚಲು ಹೋದ ಬೆರಳನ್ನು ತಡೆದಳು.

ರಾಮನಗರದಲ್ಲಿ ಬಾಗಿಲು ತೆರೆದಾಕೆಗೆ ಎಪ್ಪತ್ತು ದಾಟಿತ್ತು. ಬಿಸಿನೀರಲ್ಲಿ ಗೂಡು ಬಿಡಿಸಿ ಬೆರಳ ತುದಿಗಳು ಸುಕ್ಕಾಗಿದ್ದವು.

ಅಯ್ಯೋ... ಇವರೇ! ತಾನು ಜಯಕುಮಾರನ ಹೆಂಡತಿ ಎಂದಳು.

"ಜಯಕುಮಾರ್ ಎಲ್ಲಮ್ಮಾ? ಎರಡು ಶುಕ್ರವಾರ ಆಯ್ತು, ಬರ್ಲೇ ಇಲ್ಲ."

ನವ್ಯಶ್ರೀ ಲಾರಿಯ ವಿಷಯ ಹೇಳಿದಳು. ಮುದುಕಿ ಅವಳ ಕೈ ಹಿಡಿದು ಒಳಗೆ ಕೂರಿಸಿದರು.

"ನಾನು ಅನುಮಾನ ಪಟ್ಟೆ ಅಮ್ಮ. ಪುಸ್ತಕದಲ್ಲಿ ನಿಮಗೆ ಸುಹಾನಾ ಅಂತ ಹೆಸರಿಟ್ಟಿದ್ರು. ಯಾರೋ ಹುಡುಗಿ ಅಂತ..."

"ಹಲ್ಲಿಲ್ಲದ ಮುದುಕಿಗೆ ಸುಹಾನಾ ಅಂತ ಇಟ್ಟಿದ್ನಾ!" ನಗುತ್ತಲೇ ಅತ್ತರು. "ಹೆಂಡ್ತಿ ಮುನಿಸ್ಕೊಂಡವ್ಳೆ ಅಂತಿದ್ದ. ಕರ್ಕೊಂಡ್ ಬಾ, ನಾನೇ ಹೇಳ್ತೀನಿ ಅಂದೆ. ಮುಂದಿನ ಶುಕ್ರವಾರ ಬತ್ತೀವಿ ಅಂದ..."

ನವ್ಯಶ್ರೀ ಕವರು ಚಾಚಿದಳು. "ಬಿಚ್ಚಿಲ್ಲ."

"ಮುಂಬೈಗೆ ಓಡಿಹೋದ ಗಂಡ ಬರ್ದಿದ್ದು. ಸತ್ತ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೆ. ಯಾರ ಹತ್ರ ಓದಿಸ್ಲಿ? ಅದಕ್ಕೇ ಅವನಿಗೆ ಕೊಟ್ಟೆ. ಈಗ ನೀನೇ ಓದು ಬೇಟಿ."

ಒಳಗೆ ಹಳೆಯ ಉರ್ದು ಕಾಗದ. ಜತೆಗೆ, ಸಂಶೋಧನೆಗೆಂದು ಉರ್ದು ಕಲಿತಿದ್ದ ಜಯಕುಮಾರ ಅದನ್ನು ಕನ್ನಡದಲ್ಲಿ ಬರೆದ ಹಾಳೆ.

"'ಒಂದು ಮಾತು ಹೇಳಿ ಹೋಗಬೇಕಿತ್ತು. ಹೇಳಲಿಲ್ಲ. ಆ ತಪ್ಪು ನನ್ನದು...'"

ಆ ಸಾಲನ್ನು ಮತ್ತೊಮ್ಮೆ ಓದಿದಳು, ಆಮೇಲೆ ಕೊನೆಯವರೆಗೂ.

"ಕನ್ನಡದ್ದು ನೀನಿಟ್ಕೊ. ನಿನ್ ಗಂಡನ ಕೈಬರಹ."

"ಬೇಡಮ್ಮ. ನಿಮಗೋಸ್ಕರ ಬರೆದಿದ್ದು ಅವರು."

ಎರಡೂ ಹಾಳೆಗಳನ್ನು ಆ ಸುಕ್ಕು ಬೆರಳುಗಳೊಳಗೆ ಇಟ್ಟಳು.