ಕಾಲು ಭಾಗದ ಸುಳ್ಳು

"ಗಂಟೆಗೆ ಅರವತ್ತು ಸಾವಿರ ಜನ," ಎಂದೆ. ಅವನು ನಲವತ್ತೈದು ಸಾವಿರ ಎಂದು ಬರೆದುಕೊಂಡ.

"ಸರ್, ನಾನು ಹೇಳಿದ್ದು ಅರವತ್ತು."

"ಕೇಳಿಸ್ತು ಮೇಡಂ. ನಿಮ್ಮ ವಿಭಾಗದೋರು ಯಾವಾಗ್ಲೂ ಸೇರಿಸೇ ಹೇಳ್ತೀರಿ. ಅದಕ್ಕೇ ನಾನು ಕಾಲು ಭಾಗ ತೆಗೀತೀನಿ."

ನಮ್ಮದು ಬಸ್ ಟಿಕೆಟ್ ಬುಕ್ ಮಾಡುವ ಕಂಪನಿ. ರಜೆ ಬಂದಾಗ ನಮ್ಮ ವೆಬ್‌ಸೈಟಿಗೆ ಎಷ್ಟು ಜನ ಮುಗಿಬೀಳುತ್ತಾರೆಂದು ಅಂದಾಜು ಮಾಡುವುದು ನನ್ನ ಕೆಲಸ. ಅಷ್ಟು ಜನರನ್ನು ತಾಳಿಕೊಳ್ಳಲು ಎಷ್ಟು ಸರ್ವರ್ ಬೇಕೆಂದು ಲೆಕ್ಕ ಹಾಕುವುದು ಅವನ ಕೆಲಸ. ಆಫೀಸಿನಲ್ಲಿ ಅವನಿಗೆ 'ಕತ್ತರಿ' ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ನಾನು ಒಂದು ತಲೆಯನ್ನೂ ಸೇರಿಸಿಲ್ಲ ಎನ್ನುವಷ್ಟರಲ್ಲಿ ಎದ್ದು ಹೋಗಿದ್ದ.

ರಜೆಯ ಮೊದಲ ದಿನ ಹತ್ತೂವರೆಗೆಲ್ಲ ಸೈಟು ಮಕಾಡೆ ಮಲಗಿತು. ಚಿಕ್ಕಮ್ಮ ಫೋನ್ ಮಾಡಿ, "ಏನೇ ಇದು, ಅರ್ಧ ಗಂಟೆಯಿಂದ ಬರೀ ಚಕ್ರ ಸುತ್ತುತ್ತಿದೆ! ನಾನು ಮಗಳ ಮನೆಗೆ ಹೋಗ್ಲೋ ಬೇಡ್ವೋ?" ಎಂದು ರೇಗಿದಳು.

ಮಧ್ಯಾಹ್ನ ಕತ್ತರಿ ನನ್ನ ಮೇಜಿನ ಮುಂದೆ ಬಂದು ನಿಂತ. ಕಿವಿ ಕೆಂಪಾಗಿತ್ತು. "ನಿಮ್ಮ ಲೆಕ್ಕ ಸರಿ ಇತ್ತು. ಹೇಗೆ ಗೊತ್ತಾಯ್ತು?"

"ಶಾಲೆಗಳ ಪರೀಕ್ಷೆ ವೇಳಾಪಟ್ಟಿ ನೋಡಿದೆ. ಕೊನೇ ಪರೀಕ್ಷೆ ಮುಗಿದ ಮಾರನೇ ಬೆಳಿಗ್ಗೆ ಅಮ್ಮಂದಿರು ಟಿಕೆಟ್ ಹುಡುಕ್ತಾರೆ."

ಅಂದಿನಿಂದ ದಿನವೂ ನಾಲ್ಕಕ್ಕೆ ಎರಡು ಕಪ್ ಟೀ ಹಿಡಿದು ಬರತೊಡಗಿದ. ನಾನು ಮಾತಾಡಿದರೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದ. ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ತುಟಿಗೆ ಇಳಿಯುತ್ತಿತ್ತು. ಮೂರೂವರೆಗೇ ನಾನು ತಲೆ ಬಾಚಿಕೊಂಡು ಕೂರುವುದನ್ನು ನೋಡಿ ಪಕ್ಕದ ಸೀಟಿನವಳು ಕೆಮ್ಮುತ್ತಿದ್ದಳು.

ಮುಂದಿನ ರಜೆಗೆ ನನ್ನ ಅಂದಾಜು ಎಪ್ಪತ್ತೈದು ಸಾವಿರ. ಹೇಗೂ ಕಾಲು ಭಾಗ ಕತ್ತರಿಸುತ್ತಾನಲ್ಲ ಎಂದು ಅತಿ ಜಾಣಳಾಗಿ ಒಂದು ಲಕ್ಷ ಎಂದು ಬರೆದುಕೊಟ್ಟೆ.

ಅವನು ಕತ್ತರಿಸಲಿಲ್ಲ.

ಬಂದವರು ಎಪ್ಪತ್ತನಾಲ್ಕು ಸಾವಿರ. ಕಾಲು ಭಾಗ ಸರ್ವರ್‌ಗಳು ರಜೆಯುದ್ದಕ್ಕೂ ನೊಣ ಹೊಡೆಯುತ್ತ ನಿಂತವು. ಎರಡೆರಡು ಸಲ ಎಡವಿದವನಿಗೆ ಈ ಕೆಲಸ ಬೇಡ, ಬೇರೆ ಶಾಖೆಗೆ ಹೋಗಲಿ ಎಂದು ಮ್ಯಾನೇಜರ್ ಬೆಳಗಿನ ಮೀಟಿಂಗಿನಲ್ಲೇ ಹೇಳಿಬಿಟ್ಟರು.

"ತಪ್ಪು ನಂದೇ ಸರ್," ಎಂದ. ನನ್ನತ್ತ ತಿರುಗಿಯೂ ನೋಡಲಿಲ್ಲ.

ನಾಳೆಯಿಂದ ಅವನು ಇಲ್ಲಿರುವುದಿಲ್ಲ. ಎದ್ದು ನಿಂತೆ. "ಆ ಒಂದು ಲಕ್ಷ ನನ್ನದು ಸರ್. ಬೇಕಂತಲೇ ಜಾಸ್ತಿ ಹೇಳಿದ್ದೂ ನಾನೇ."

ಎಲ್ಲರ ಮುಂದೆ ನನಗೆ ಚೆನ್ನಾಗಿ ಮಂಗಳಾರತಿಯಾಯಿತು. ಅವನ ವರ್ಗಾವಣೆ ನಿಂತಿತು.

ಹೊರಗೆ ಮೆಟ್ಟಿಲ ಬಳಿ ಅವನು ಕಾಯುತ್ತಿದ್ದ. "ಯಾಕೆ ಹಾಗೆ ಮಾಡಿದ್ರಿ?"

"ನೀವು ಕತ್ತರಿಸ್ತೀರಿ ಅಂದ್ಕೊಂಡೆ. ನೀವ್ಯಾಕೆ ಕತ್ತರಿಸಲಿಲ್ಲ?"

"ಈ ಆಫೀಸಲ್ಲಿ ಯಾರನ್ನಾದ್ರೂ ಪೂರ್ತಿ ನಂಬೋಣ ಅನ್ನಿಸಿದ್ದು ಅದೇ ಮೊದಲು."

ನಾಚಿಕೆಯಿಂದ ಕಣ್ಣು ತುಂಬಿತು. ಅವನನ್ನು ಉಳಿಸಿಕೊಂಡೆ, ಅವನ ನಂಬಿಕೆಯನ್ನಲ್ಲ ಎಂದುಕೊಂಡೆ. ಅವನು ಒಂದು ಮೆಟ್ಟಿಲು ಇಳಿದು ನನ್ನ ಮುಖ ಕಾಣುವಂತೆ ನಿಂತ.

"ಒಂದು ಮಾತು ಕೇಳ್ತೀನಿ. ಸೇರಿಸ್ಬೇಡಿ, ಕಳೀಬೇಡಿ. ನಾನು ನಾಲ್ಕಕ್ಕೆ ಬರೋದು ನಿಮಗೆ ಇಷ್ಟನಾ?"

"ಬೆಳಿಗ್ಗೆ ಎದ್ದಾಗಿಂದ ಅದನ್ನೇ ಕಾಯ್ತಿರ್ತೀನಿ."

"ಎದ್ದಾಗಿಂದ?" ಹುಬ್ಬೇರಿಸಿದ. "ಇಲ್ಲೂ ಕಾಲು ಭಾಗ ಜಾಸ್ತಿ ಇದೆಯಾ?"

"ಒಂದು ನಿಮಿಷನೂ ಇಲ್ಲ."

ಅವನ ನಗು ಕಣ್ಣಿಗೆ ಬಂತು, ತುಟಿಗೂ ಇಳಿಯಿತು. ಗಡಿಯಾರದಲ್ಲಿ ಆಗಿನ್ನೂ ಹನ್ನೊಂದು.

"ಹಾಗಾದ್ರೆ ಇಷ್ಟು ದಿನ ಸುಮ್ಮನೆ ಕಾಯಿಸಿಬಿಟ್ಟೆ," ಎಂದು ಕೈ ಚಾಚಿದ. "ಬಾ, ಈಗಲೇ ಟೀಗೆ ಹೋಗೋಣ."