ಲಾರಿಯೊಳಗಿನ ಮೆಣಸಿನಕಾಯಿ ಟಾಂಟಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಘಾನಾದ ಗಡಿಯಾಚೆಗಿರುವ ನಮ್ಮ ವಾಗಾ ಪಟ್ಟಣದ ರಸ್ತೆಗಳಲ್ಲಿ ಎಷ್ಟು ಮೊಪೆಡ್‌ಗಳಿವೆಯೋ ಅದಕ್ಕಿಂತ ಹೆಚ್ಚು ಸಿನಿಮಾ ಡೈಲಾಗುಗಳು ನನ್ನ ನಾಲಿಗೆಯ ಮೇಲಿವೆ. ಹೆಸರು ಸಿಬಿರಿ ತಾಪ್ಸೊಬಾ. ಕೆಲಸ, ಯಂತ್ರಕ್ಕೆ ಸ್ವಭಾವ ಕೊಡುವುದು. ನಿಮ್ಮ ಫೋನಿನಲ್ಲಿ ಚಾಟ್‌ಬಾಟ್ ಒಂದು ಹರಟುತ್ತದಲ್ಲ, ಅದು ಎಲ್ಲಿ ನಗಬೇಕು, ಎಲ್ಲಿ ಮುನಿಯಬೇಕು ಅಂತ ಯಾರಾದರೂ ಕೂತು ಬರೆಯಬೇಕು ತಾನೇ? ನಮ್ಮೂರಲ್ಲಿ ಆ ಯಾರೋ ನಾನೇ.

ಸೊಲಾಂಜ್ ಟೊಯೆ ಎಂಬ ಸಿಡಿಲಿನ ಮುಂದೆ ಮಂಡಿಯೂರಿ, ಒಂದೇ ಡೈಲಾಗಿನಲ್ಲಿ ಅವಳನ್ನು ಒಲಿಸಿಕೊಂಡ ಗಂಡೂ ನಾನೇ. ಕೇಳಿ, ಕಲಿತುಕೊಳ್ಳಿ.

ನಮ್ಮ ಆಫೀಸಿಗೆ ಕೆಲಸಕ್ಕೆ ಬಂದ ಮೊದಲ ದಿನ ಅವಳ ಕಂಕುಳಲ್ಲಿ ಹೆಲ್ಮೆಟ್ ಇತ್ತು. ಕಣ್ಣರೆಪ್ಪೆಯ ಮೇಲೆ ರಸ್ತೆಯ ಕೆಂಪು ಧೂಳು. ರೆಪ್ಪೆ ಬಡಿದಾಗ ಒಂದಿಷ್ಟು ಧೂಳು ಕೆನ್ನೆಗೆ ಉದುರಿತು. ಅದನ್ನು ಒರೆಸಿಕೊಳ್ಳದೆ ನನ್ನನ್ನೇ ನೋಡಿದಳು.

"ಯಾವ ಮನೆತನ ನಿಂದು?"

"ತಾಪ್ಸೊಬಾ."

"ಮೊಸ್ಸಿನಾ! ಅಯ್ಯೋ ನನ್ನ ಆಳೇ, ಇಷ್ಟು ದಿನ ಎಲ್ಲಿ ಕಳೆದುಹೋಗಿದ್ದೆ? ಹೋಗು, ಒಡತಿಗೆ ನೀರು ತಗೊಂಡ್ಬಾ."

"ತಮ್ಮ ಮನೆತನ?"

"ಟೊಯೆ."

"ಓಹೋ, ಸಾಮೋ! ಯಾರಪ್ಪಾ ಅಲ್ಲಿ, ನಮ್ಮ ಬೀದಿ ನಾಯಿಗಳನ್ನೆಲ್ಲ ಒಳಗೆ ಕಟ್ಟಿ ಹಾಕ್ರೋ! ನಾಯಿ ತಲೆ ಸಾರು ಮಾಡೋರು ಬಂದವ್ರೆ!"

ಅವಳು ನಕ್ಕಳು. ನಾನು ನೀರು ತಂದುಕೊಟ್ಟೆ.

ಮೊಸ್ಸಿ, ಸಾಮೋ ಅಂದರೆ ನಮ್ಮ ನಾಡಿನ ಎರಡು ಜನಾಂಗಗಳು; ಅವರಿಗೆ ಅಜ್ಜಂದಿರ ಕಾಲದಿಂದ ಬೈಗುಳದ ನಂಟು. ಏನು ಬೇಕಾದರೂ ಅನ್ನಬಹುದು. ಸಿಟ್ಟಾಗುವ ಹಾಗಿಲ್ಲ. ತಿರುಗಿ ಅನ್ನದೆ ಸುಮ್ಮನಾದವನು ಸೋತ. ಈ ನಂಟಿನಿಂದ ಆಗುವ ಕಷ್ಟ ಒಂದೇ, ಅದು ನನಗೆ ಬೇಗ ತಿಳಿಯಿತು.

"ಸೊಲಾಂಜ್, ಈ ಎದೆಯೊಳಗೆ ಬಡಿಯೋದು ಗುಂಡಿಗೆ ಅಲ್ಲ, ನಿನ್ನ ಹೆಸರು," ಅಂತ ಒಂದು ಮಧ್ಯಾಹ್ನ ದನಿ ಇಳಿಸಿ ಹೇಳಿದೆ.

"ಆಳಿಗೆ ಎದೆ ಬೇರೆ ಕೇಡು. ಹೋಗಿ ಬಿಸ್ಸಾಪ್ ಶರಬತ್ತು ತಗೊಂಡ್ಬಾ. ಐಸ್ ಜಾಸ್ತಿ ಇರ್ಲಿ," ಅಂದಳು.

ನೋಡಿದಿರಾ? ಬೈಗುಳದ ನಂಟನ ಬಾಯಲ್ಲಿ ಪ್ರೀತಿ ಕೂಡ ತಮಾಷೆಯೇ. ಕಣ್ಣೀರು ಸುರಿಸಿದ್ದರೂ ನಟನೆ ಚೆನ್ನಾಗಿದೆ ಅನ್ನುತ್ತಿದ್ದಳು.

ಆಗ ನಮ್ಮ ಕೈಲಿದ್ದದ್ದು ಮದಾಮ್ ನಿಕಿಯೆಮಾ ಅವರ ಕೆಲಸ. ಅವರ ಲಾರಿಗಳು ವಾಗಾದಿಂದ ಘಾನಾದ ಬಂದರಿಗೆ ಓಡುತ್ತವೆ. ಊಟದ ಮೇಲೆ ತೂಕಡಿಸಿದ ಡ್ರೈವರೊಬ್ಬ ಲಾರಿಯನ್ನು ಹಳ್ಳಕ್ಕಿಳಿಸಿ ಕಾಲು ಮುರಿದುಕೊಂಡಿದ್ದ. "ಮಾತಾಡ್ತಾ ಮಾತಾಡ್ತಾ ನನ್ನ ಹುಡುಗರನ್ನ ಎಚ್ಚರ ಇಡೋ ಒಂದು ದನಿ ಕೊಡ್ರಪ್ಪ," ಅಂದಿದ್ದರು ಮದಾಮ್.

ನಾನು ಬರೆದದ್ದು ಜೇನಿನಂಥ ಹುಡುಗಿಯನ್ನು. "ಪ್ರಿಯ ಚಾಲಕರೇ, ಇಂದು ನಿಮ್ಮ ಮನಸ್ಸು ಹೇಗಿದೆ?" ಅಂತ ಶುರುಮಾಡುತ್ತಿದ್ದಳು. ಮೂಮುನಿ ಸವಾದೊಗೊ ಎಂಬ ಹಿರಿಯ ಡ್ರೈವರನ್ನು ನಿಂತ ಲಾರಿಯಲ್ಲಿ ಕೂರಿಸಿ ಅದನ್ನು ಕೇಳಿಸಿದೆವು. ಹೊಟ್ಟೆ ತುಂಬ ಬೆಂಡೆಕಾಯಿ ಸಾರಿನ ಜೊತೆ ಟೋ ಮುದ್ದೆ ಉಂಡಿದ್ದ ಮೂಮುನಿ ಎರಡನೇ ಪ್ರಶ್ನೆಗೇ ಗೊರಕೆ ಹೊಡೆದ.

"ಹುಷ್, ಏಳಿಸ್ಬೇಡ," ಅಂದಳು ಸೊಲಾಂಜ್. "ನಿನ್ನ ಹುಡುಗಿ ಲಾಲಿ ಹಾಡ್ತಾವ್ಳೆ." ಆಮೇಲೆ ತಾನೇ ತಡೆಯಲಾರದೆ ಲಾರಿಯ ಬಾಗಿಲು ಗುದ್ದಿದಳು. "ಏಯ್ ಮೊಸ್ಸಿ ಆಳೇ! ಒಡತಿ ಬಿಸಿಲಲ್ಲಿ ನಿಂತವ್ಳೆ, ನೀನು ಮಲಗಿದ್ದೀಯಾ?"

ಮೂಮುನಿ ಚಂಗನೆ ಎದ್ದ. "ಯಾವಳೇ ಅದು? ಸಾಮೋನಾ? ನಿಮ್ಮಜ್ಜ ನಮ್ಮಜ್ಜನ ಹತ್ರ ನಾಯಿ ತಲೆ ಸಾಲ ತಗೊಂಡಿದ್ನಲ್ಲ, ಅದನ್ನ ಮೊದ್ಲು ತಂದಿಡೇ!"

ಅವಳು ಬಿಟ್ಟಾಳೆಯೇ? ಇವನು ಬಿಟ್ಟಾನೆಯೇ? ನೆರಳು ಲಾರಿಯ ಈ ಚಕ್ರದಿಂದ ಆ ಚಕ್ರಕ್ಕೆ ಸರಿಯಿತು, ಜಗಳ ಮುಗಿಯಲಿಲ್ಲ. ನಿದ್ದೆ ಎಲ್ಲಿ ಹೋಯಿತೋ!

ಬೈಗುಳದ ನಡುವೆಯೇ ಸೊಲಾಂಜ್ ಥಟ್ಟನೆ ನನ್ನ ಕಡೆ ತಿರುಗಿದಳು. ನಾನೂ ಅವಳನ್ನೇ ನೋಡುತ್ತಿದ್ದೆ. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಅವಳ ಹುಬ್ಬು ಮೇಲೇರಿ, ಕಣ್ಣು ಅಗಲವಾಗಿ, ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಆ ನೋಟದ ಮೇಲೆ ನಾನು ಒಂದು ವಾರ ಊಟ ಬಿಟ್ಟು ಬದುಕಬಲ್ಲೆ.

ಹೀಗೆ ಹುಟ್ಟಿದಳು ಮೆಣಸಿನಕಾಯಿ ಟಾಂಟಿ, ಅಂದರೆ ಖಾರದ ಬಾಯಿಯ ಚಿಕ್ಕಮ್ಮ. ಮೊದಲು ಮನೆತನ ಕೇಳುವಳು. ಡ್ರೈವರು ಮೊಸ್ಸಿಯಾದರೆ ತಾನು ಸಾಮೋ ಹೆಂಗಸು, ಸಾಮೋ ಆದರೆ ತಾನು ಮೊಸ್ಸಿ. ಆಮೇಲೆ ಶುರು. ಮಾತು ನನ್ನದು, ಖಾರ ಸೊಲಾಂಜಳದು. ದನಿಯೂ ಅವಳದೇ. ಮೊದಲು ಬೋಬೋ ಪಟ್ಟಣದ ರೇಡಿಯೋದಲ್ಲಿ ಮಾತಾಡುತ್ತಿದ್ದ ದನಿ ಅದು.

"ಡ್ರೈವರು ಒಂದಿನ ತಿರುಗಿ ಬೈಯದಿದ್ರೆ ಟಾಂಟಿ ಏನ್ಮಾಡ್ಬೇಕು?" ಅಂತ ಸೊಲಾಂಜ್ ಒಮ್ಮೆ ನನ್ನನ್ನು ಕೇಳಿದಳು.

"ಇನ್ನೂ ಜೋರಾಗಿ ಬೈಬೇಕು."

"ಮೊದ್ದು." ಅವಳ ದನಿ ತಗ್ಗಿತು. "ನಮ್ಮಪ್ಪನಿಗೆ ಒಬ್ಬ ಮೊಸ್ಸಿ ಗೆಳೆಯ ಇದ್ದ. ಅವನು ಸತ್ತಾಗ ಅಪ್ಪ ಹೋಗಿ ಅವನಿಗೆ ತೋಡಿದ್ದ ಗುಂಡೀಲಿ ತಾನೇ ಮಲ್ಕೊಂಡ್ಬಿಟ್ಟ. 'ನನ್ನ ಕೇಳದೆ ಈ ಆಳು ಹೆಂಗೆ ಹೋದ? ಇವನಿಗೆ ಜಾಗ ಬಿಡಲ್ಲ' ಅಂತ. ಅಳ್ತಿದ್ದೋರೆಲ್ಲ ನಕ್ಕುಬಿಟ್ರು. ಸತ್ತವನ ಹೆಂಡ್ತಿ ಮಾತ್ರ ನಗ್ಲಿಲ್ಲ, ಬೈಯ್ಲೂ ಇಲ್ಲ. ಅಪ್ಪ ತಕ್ಷಣ ಎದ್ದ. ಮಣ್ಣು ಕೊಡವ್ಕೊಂಡು, ಅವಳ ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕೂತ."

ನಾನು ತಮಾಷೆ ಮಾಡಲಿಲ್ಲ. ಅವಳು ಟಾಂಟಿಗೆ ಒಂದು ನಿಯಮ ಬರೆದಳು: ಎದುರಿನವರು ತಿರುಗಿ ಅನ್ನದಿದ್ದರೆ ಬೈಗುಳ ನಿಲ್ಲಿಸು. ಮನೆತನ ಬಿಟ್ಟು ಅವರ ಸ್ವಂತ ಹೆಸರು ಕರೆ. ಏನಾಯಿತು ಅಂತ ಕೇಳು. ಕಾಯು.

ಅಲ್ಲಿಯವರೆಗೆ ಅವಳು ನನ್ನನ್ನು ತಾಪ್ಸೊಬಾ ಅಂದಿದ್ದಳು, ಆಳೇ ಅಂದಿದ್ದಳು, ಕತ್ತೆ ಅಂದಿದ್ದಳು. ಸಿಬಿರಿ ಅಂತ ಒಮ್ಮೆಯೂ ಕರೆದಿರಲಿಲ್ಲ.

ಮದಾಮ್ ಮುಂದೆ ಟಾಂಟಿಯ ಪರೀಕ್ಷೆ ನಡೆಯುವ ಹಿಂದಿನ ಸಂಜೆ ಸೊಲಾಂಜ್ ಮೊಪೆಡ್ ಹತ್ತುತ್ತಾ ಹೇಳಿದಳು: "ಬೋಬೋ ರೇಡಿಯೋದವ್ರು ವಾಪಸ್ ಕರೀತಾವ್ರೆ. ನಾಳೆ ಸಾಯಂಕಾಲ ಉತ್ತರ ಹೇಳ್ಬೇಕು."

"ಟಾಂಟಿ ಗೆದ್ರೆ ಇಲ್ಲೇ ಇರ್ತೀಯಲ್ಲ?"

"ಟಾಂಟಿಗೆ ದನಿ ಕೊಟ್ಟಾಯ್ತು. ಇನ್ನು ನಾನಿಲ್ದೆನೂ ಬೈತಾಳೆ." ಹೆಲ್ಮೆಟ್ಟಿನ ಗಾಜು ಇಳಿಸುವ ಮುನ್ನ ಒಂದು ಗಳಿಗೆ ನನ್ನನ್ನೇ ನೋಡಿದಳು. "ಇರೋಕೆ ಬೇರೆ ಕಾರಣ ಬೇಕು."

ಮರುದಿನ, ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಮೂಮುನಿ ಮತ್ತೆ ಹೊಟ್ಟೆ ತುಂಬ ಟೋ ಉಂಡು ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಮದಾಮ್. ಹಿಂದಿನ ಇಕ್ಕಟ್ಟಿನ ಹಾಸಿಗೆಯ ಮೇಲೆ ನಾನು, ಸೊಲಾಂಜ್. ಲಾರಿ ಕುಲುಕಿದಾಗಲೆಲ್ಲ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಆ ರಸ್ತೆಯ ಗುಂಡಿಗಳನ್ನು ಯಾರೂ ಮುಚ್ಚದಿರಲಿ ದೇವರೇ!

"ಸವಾದೊಗೊನಾ?" ಅಂದಳು ಟಾಂಟಿ, ಲಾರಿಯ ಸ್ಪೀಕರಿನಿಂದ. "ನಿಮ್ಮ ವಂಶಕ್ಕೆ ಕತ್ತೆ ಗಾಡಿ ಕೊಟ್ಟಿದ್ದೇ ತಪ್ಪು, ಲಾರಿ ಬೇರೆ ಕೊಟ್ಟವ್ರಾ?"

"ನೀನು ಗಾಳೀಲಿರೋ ಸಾಮೋ! ಕೆಳಗಿಳಿದು ಬಾರೇ, ಚಕ್ರ ಒರೆಸೋಕೆ ಆಳು ಬೇಕಿತ್ತು!"

ಗಡಿಯ ಹತ್ತಿರದ ಪೋ ಊರು ಬರುವವರೆಗೂ ಮೂಮುನಿ ಸ್ಟೀರಿಂಗ್ ತಟ್ಟಿ ತಟ್ಟಿ ನಕ್ಕ. ಒಂದು ಆಕಳಿಕೆ ಇಲ್ಲ. ಮದಾಮ್ ಲಾರಿಯಿಂದ ಇಳಿದವರೇ, "ನಂಗೆ ಎಲ್ಲಾ ಲಾರಿಗೂ ಒಬ್ಬೊಬ್ಬ ಟಾಂಟಿ ಬೇಕು," ಅಂದರು. ಗೆದ್ದೆವು!

ಆಗಲೇ ನಡೆದದ್ದು ಆ ದೃಶ್ಯ. ಮಾವಿನ ಮರದ ಕೆಳಗೆ ನಾನು ಮಂಡಿಯೂರಿದೆ. ಗಾಳಿ ಬೀಸಿತು, ಅವಳ ಹೆಗಲ ಮೇಲಿನ ವಸ್ತ್ರ ಹಾರಿತು. "ಸೊಲಾಂಜ್ ಟೊಯೆ! ಈ ಲೋಕದಲ್ಲಿ ನಿನಗೆ ಆಳುಗಳು ಸಾವಿರ ಸಿಗಬಹುದು, ನಿನ್ನನ್ನು ಆಳೋ ಒಬ್ಬನೇ ಒಬ್ಬ ನಾನು!" ಅಂದೆ. ಅವಳ ಕಣ್ಣು ತುಂಬಿ ಬಂತು, ಅವಳು...

ಆಯಿತು, ಆಯಿತು. ನಿಜ ಹೇಳುತ್ತೇನೆ.

ಗಾಳಿ ಇರಲಿಲ್ಲ. ಮಾವಿನ ಮರವಿತ್ತು, ಅದರ ಕೆಳಗೆ ಮೂಮುನಿ ಸುಟ್ಟ ಮಾಂಸದ ಕಡ್ಡಿಗಳಿಗೆ ಚೌಕಾಸಿ ಮಾಡುತ್ತಿದ್ದ. ಸೊಲಾಂಜ್ ನನ್ನ ಮುಂದೆ ಬಂದು ನಿಂತಳು.

"ಸರಿ ಆಳೇ, ಬೋಬೋಗೆ ಬರ್ತೀನಿ ಅಂತ ಹೇಳ್ಬಿಡ್ತೀನಿ. ಒಡತಿ ಹೋದ್ಮೇಲೆ ನಿನಗೆ ಕೂಳು ಹಾಕೋರು ಯಾರೋ ಪಾಪ."

ನಾನು ತಿರುಗಿ ಅನ್ನಬೇಕಿತ್ತು. ಬಾಯಿ ತೆರೆದೆ. ಅಷ್ಟು ಸಿನಿಮಾಗಳಲ್ಲಿ ಒಂದೇ ಒಂದು ಡೈಲಾಗೂ ನೆನಪಿಗೆ ಬರಲಿಲ್ಲ. ಅವಳು ಕಾದಳು. ನಾನು ನನ್ನ ಚಪ್ಪಲಿ ನೋಡಿದೆ.

ನನ್ನ ಕೈಲಿದ್ದ ಫೋನಿನಲ್ಲಿ, ಪ್ರಯೋಗಕ್ಕೆಂದು ನಾನೇ ಹಾಕಿಕೊಂಡಿದ್ದ ಟಾಂಟಿ ಇನ್ನೂ ಚಾಲೂ ಇದ್ದಳು. ನನ್ನ ಫೋನಿನ ಟಾಂಟಿಗೆ ನನ್ನ ಹೆಸರು ಗೊತ್ತು. ಒಡತಿಯ ಬೈಗುಳ ಕೇಳಿಸಿಕೊಂಡಿದ್ದಳು. ಆಳಿನ ಉತ್ತರ ಬರಲಿಲ್ಲವಲ್ಲ, ನಿಯಮ ಪಾಲಿಸಿದಳು.

"ಸಿಬಿರಿ," ಅಂದಿತು ಫೋನು, ಸೊಲಾಂಜಳ ದನಿಯಲ್ಲಿ, ಮೆಲ್ಲಗೆ. "ಏನಾಯ್ತು?"

ಬೆಚ್ಚಿಬಿದ್ದು ಫೋನನ್ನು ಕೈಬಿಟ್ಟೆ. ಮಂಡಿಯೂರಿದ್ದು ನಿಜ, ಅದನ್ನು ಎತ್ತಿಕೊಳ್ಳಲು. ಧೂಳಿನಲ್ಲಿ ಕೂತು, ಅವಳ ಮುಖ ನೋಡುವ ಧೈರ್ಯವಿಲ್ಲದೆ, ನಾನೇ ಬರೆದ ಯಂತ್ರಕ್ಕೆ ಹೇಳಿದೆ: "ಸೊಲಾಂಜ್ ಹೋಗಬಾರ್ದು, ಟಾಂಟಿ. ತಮಾಷೆಗೆ ಹೇಳ್ತಿಲ್ಲ."

ಟಾಂಟಿ ಕಾಯುತ್ತಿದ್ದಳು. ಸೊಲಾಂಜ್ ಬಗ್ಗಿ, ಫೋನು ನನ್ನ ಕೈಯಿಂದ ತೆಗೆದುಕೊಂಡು ಆಫ್ ಮಾಡಿದಳು. ಅವಳೂ ಧೂಳಿನಲ್ಲೇ ನನ್ನ ಪಕ್ಕ ಕೂತಳು. ರೆಪ್ಪೆಯ ಮೇಲೆ ಮತ್ತೆ ಆ ಕೆಂಪು ಧೂಳು.

"ಸಿಬಿರಿ," ಅಂದಳು.

ಈ ಸಲ ಫೋನು ಆಫ್ ಇತ್ತು.

ಬಹಳ ಹೊತ್ತು ಇಬ್ಬರೂ ಏನೂ ಅನ್ನಲಿಲ್ಲ. ನಮ್ಮಿಬ್ಬರಲ್ಲಿ ಯಾರು ಸೋತರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವಳು ತನ್ನ ಫೋನು ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಬೋಬೋ ರೇಡಿಯೋದವ್ರಿಗೆ ನೀನೇ ಹೇಳು, ಅವಳು ಬರಲ್ಲ ಅಂತ. ಆಳು ಇರೋದು ಮತ್ಯಾತಕ್ಕೆ?"