ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿ

ಆ ಮಧ್ಯಾಹ್ನ ನೈಟ್‌ಕ್ಲಬ್ಬಿನಲ್ಲಿ ನಾನೊಬ್ಬಳೇ ಸದ್ದಿಲ್ಲದೆ ಕುರ್ಚಿಗಳನ್ನು ಒರೆಸಿ, ಗೋಡೆಗೆ ಒರಗಿಸಿ, ಬಾಗಿಲಿಗೆ ಮುಖ ಮಾಡಿ ಇಡುತ್ತಿದ್ದೆ. ನಮ್ಮಲ್ಲಿಗೆ ಬರುವವರೆಲ್ಲ ರೌಡಿಗಳು. ಬಾಗಿಲಿಗೆ ಬೆನ್ನು ಹಾಕುವವರಲ್ಲ. ಕುಣಿಯುವಾಗಲೂ ಏಡಿಗಳಂತೆ ಪಕ್ಕಕ್ಕೇ ಸರಿಯುತ್ತಾರೆ.

ಬಕೆಟ್ಟಿನ ನೀರು ಚೆಲ್ಲಿ ಬಂದರೆ, ಒಂದು ಕುರ್ಚಿ ನಡುವಿಗೆ ಬಂದು ಬಾಗಿಲಿಗೆ ಬೆನ್ನು ಹಾಕಿತ್ತು. ಮುಟ್ಟಿದರೆ ಸೀಟು ಬೆಚ್ಚಗಿತ್ತು. ಜಾಗಕ್ಕಿಟ್ಟು, ಬಟ್ಟೆ ಹಿಂಡಿ ಬಂದೆ. ಮತ್ತೆ ಅಲ್ಲೇ ಇತ್ತು.

ಅಷ್ಟರಲ್ಲಿ ಧಣಿ ತಮ್ಮ ದಂಡಿನೊಡನೆ ಬಂದು ಹೊಸ್ತಿಲಲ್ಲೇ ನಿಂತರು.

"ಯಾರಮ್ಮ ಅದನ್ನ ಹಾಗಿಟ್ಟಿದ್ದು?"

"ನಾನಲ್ಲ ಧಣಿ. ಸರಿ ಮಾಡಿದ್ರೂ ತಿರುಗುತ್ತೆ. ಸೀಟು ಬಿಸಿ ಇದೆ."

"ಬಾಗಿಲಿಗೆ ಬೆನ್ನು ಹಾಕಿ ಕೂರೋಷ್ಟು ಧೈರ್ಯ ಇಲ್ಲಿ ಯಾರಿಗಿದೆ?"

"ಸಾಯೋ ಭಯ ಇಲ್ಲದೋನಿಗೆ," ಎಂದ ಬಾಗಿಲು ಕಾಯುವ ದಾಂಡಿಗ. ಆಮೇಲೆ ಮೆಲ್ಲಗೆ ಸೇರಿಸಿದ, "ಈಗಾಗ್ಲೇ ಸತ್ತೋನಿಗೆ."

ಇಡೀ ದಂಡು ಹಿಂದೆ ಹಿಂದೆ ನಡೆದು ಬೀದಿ ಸೇರಿತು. ನಾನೂ ಹೊರಗೆ ಬಂದೆ.

"ಹೋಗಿ ಸರಿ ಮಾಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದರು ಧಣಿ, ಕಾರಿನೊಳಗೆ ಕೂತು.

ಒಳಗೆ ಕುರ್ಚಿ ಕಿರುಗುಟ್ಟಿತು, ಭಾರೀ ಆಳೊಬ್ಬ ಕಾಲು ಚಾಚಿದ ಹಾಗೆ. ದಾಂಡಿಗನ ಮುಖ ನೋಡಿದೆ. ಅವನು ಬಗ್ಗಿ ಶೂ ಲೇಸು ಬಿಗಿಯುತ್ತಿದ್ದ, ಕಾಲಲ್ಲಿದ್ದದ್ದು ಚಪ್ಪಲಿ.

"ಅಣ್ಣಂದಿರಾ, ಒಬ್ಬರಾದ್ರೂ ನನ್ನ ಜೊತೆ ಒಳಗೆ ಬನ್ನಿ," ಎಂದೆ.

ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿದರು.